ಹ್ಯಾಮ್ಲೆಟ್‌ನ ಕೊನೇ ಅಂಕ ಕತ್ತರಿಸಿದ್ದು ಯಾಕೆ ಸ್ವಾಮಿ?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರ್‌ನ ವಾಚಕರ ಪತ್ರದಲ್ಲಿ ಮೈಸೂರಿನ ಓದುಗರೊಬ್ಬರು ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ನಾಟಕ ನೋಡ್ಕೊಂಡು ಬಂದು, ಅವನೊಬ್ಬ ತೀರ್ಮಾನ ತಗೊಳ್ಳೋಕಾಗದ ಪುಕ್ಕಲ, ಮೂರು ಗಂಟೆ ಕೆಲಸಾನ ಮುಂದಕ್ಕೆ ಹಾಕಿ ಹಾಕಿ ಕೊನೆಗೆ ಎಂಟು ಜನ ಸತ್ರು, ಇಂಥೋನನ್ನ ಹೀರೋ ಅಂತ ಯಾಕೆ ಓದಿಸ್ತೀರಿ ಅಂತ ಬರ್ದಿದ್ರು. ಓದಿ ನಗೂ ಬಂತು, ಸಿಟ್ಟೂ ಬಂತು. ಸಿಟ್ಟು ಅವರ ಮೇಲಲ್ಲ. ಯಾಕಂದ್ರೆ ನಾನೂ ಅದೇ ನಾಟಕ ನೋಡ್ದೆ, ಮಗಳು ಮೈಸೂರಲ್ಲಿ ಓದ್ತಾಳೆ, ಅವಳೇ ಟಿಕೆಟ್ ತಗೊಂಡು ಬಾ ಅಪ್ಪ ಅಂತ ಕರೆದಿದ್ಲು, ಪಾಂಡವಪುರದಿಂದ ಸಂಜೆ ಬಸ್ ಹತ್ತಿ ಹೋಗಿದ್ದೆ. ಅವತ್ತು ಆ ಸ್ಟೇಜ್ ಮೇಲೆ ನೋಡಿದ್ದಷ್ಟೇ ಹ್ಯಾಮ್ಲೆಟ್ ಅನ್ನೋದಾದ್ರೆ ಅವರು ಬರ್ದಿದ್ದು ನೂರಕ್ಕೆ ನೂರು ಸರಿ. ಆದ್ರೆ ಅಲ್ಲಿ ನಾಟಕದ ಮುಕ್ಕಾಲು ಪಾಲು ಇತ್ತು ಅಷ್ಟೇ, ಉಳಿದ ಕಾಲು ಭಾಗ ಕತ್ತರಿಗೆ ಹೋಗಿತ್ತು, ಆ ಮನುಷ್ಯ ಬದಲಾಗೋದು ಆ ಕಾಲು ಭಾಗದಲ್ಲೇ.

ಮೊದ್ಲು ನಾನ್ಯಾರು ಅಂತ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಯಾವನೋ ಪ್ರೊಫೆಸರ್ ಬರೀತಾವ್ನೆ ಅಂದ್ಕೊಂಡೀರ. ನಾನು ಕಬ್ಬು ಬೆಳೆಯೋನು. ಮೂವತ್ತೈದು ವರ್ಷದ ಕೆಳಗೆ ಮೈಸೂರಲ್ಲಿ ಬಿಎ ಓದುವಾಗ ಇಂಗ್ಲಿಷ್ ಆಪ್ಷನಲ್ ತಗೊಂಡಿದ್ದೆ, ಹ್ಯಾಮ್ಲೆಟ್ ಪಾಠ ಇತ್ತು, ಅರ್ಧ ಅರ್ಥ ಆಗಿತ್ತು ಅರ್ಧ ಆಗಿರ್ಲಿಲ್ಲ, ಆಮೇಲೆ ಊರಿಗೆ ಬಂದು ಅಪ್ಪನ ಜೊತೆ ಗದ್ದೆಗಿಳಿದೆ. ಆದ್ರೆ ನಾಟಕದ ಹುಚ್ಚು ಬಿಡ್ಲಿಲ್ಲ. ನಮ್ಮ ಕಡೆ ಊರೂರಲ್ಲಿ ಕುರುಕ್ಷೇತ್ರ ಆಡೋದು ನಿಮಗೆ ಗೊತ್ತಲ್ಲ, ಪಾತ್ರಕ್ಕೆ ಇಷ್ಟು ಅಂತ ನಾವೇ ಕೈಯಿಂದ ದುಡ್ಡು ಹಾಕಿ, ಹಾರ್ಮೋನಿಯಂ ಮೇಷ್ಟ್ರನ್ನ ಕರೆಸಿ, ತಿಂಗಳುಗಟ್ಟಲೆ ರಾತ್ರಿ ತಾಲೀಮು ಮಾಡಿ, ಸೀನರಿ ಡ್ರೆಸ್ಸು ಬಾಡಿಗೆಗೆ ತಂದು ಬೆಳಗಿನ ತನಕ ಆಡೋದು. ಅದ್ರಲ್ಲಿ ನಾನು ಒಂದ್ಸಲ ಅಶ್ವತ್ಥಾಮ, ಮೂರು ಸಲ ದುರ್ಯೋಧನ. ಮನೆಯೋಳು ಇವತ್ತಿಗೂ ಆ ದುಡ್ಡಲ್ಲಿ ಎರಡು ಹಸ ಬರ್ತಿತ್ತು ಅಂತಾಳೆ. ಬರ್ತಿತ್ತು, ಇಲ್ಲ ಅನ್ನಲ್ಲ.

ಸರಿ ವಿಷಯಕ್ಕೆ ಬರ್ತೀನಿ. ಹ್ಯಾಮ್ಲೆಟ್ ಸೇಡಿನ ನಾಟಕ ಅಂತಾರೆ. ಡೆನ್ಮಾರ್ಕಿನ ರಾಜನಾಗಿದ್ದ ಅಪ್ಪನ್ನ ಚಿಕ್ಕಪ್ಪ ಕೊಂದು ತಾನೇ ರಾಜ ಆಗವ್ನೆ, ತೋಟದಲ್ಲಿ ಮಲಗಿದ್ದಾಗ ಕಿವಿಗೆ ವಿಷ ಸುರ್ದು. ದೆವ್ವ ಆಗಿ ಬಂದು ಅಪ್ಪ ಹೇಳ್ತಾನೆ, ಮಗ ಸೇಡು ತೀರಿಸ್ಬೇಕು. ಕತೆ ಇಷ್ಟೇ. ಆದ್ರೆ ಜನ ಒಂದನ್ನ ಗಮನಿಸಲ್ಲ, ದೆವ್ವ ಬಾಯಿ ಬಿಡೋಕೆ ಮುಂಚೆನೇ ಈ ಹುಡುಗ ಸಾಯ್ಬೇಕು ಅಂತ ಕೂತಿರ್ತಾನೆ. ಮೊದಲ ಅಂಕದ ಎರಡನೇ ದೃಶ್ಯ, ದರ್ಬಾರಲ್ಲಿ ಎಲ್ಲರೂ ಝಗಝಗ ಅಂತಾವ್ರೆ, ಇವನೊಬ್ಬ ಕರಿ ಬಟ್ಟೆ. ಒಬ್ಬನೇ ಆದ ತಕ್ಷಣ ಅವನು ಹೇಳೋ ಮೊದಲ ಮಾತೇ ಈ ಮೈ ಕರಗಿ ನೀರಾಗಿ ಹೋಗ್ಬಾರ್ದಾ ಅಂತ. ಆಗ ಅವನಿಗೆ ಕೊಲೆ ವಿಷ್ಯ ಗೊತ್ತೇ ಇಲ್ಲ ನೆನಪಿಡಿ. ಅವನಿಗಿರೋ ನೋವು ಅಪ್ಪ ಸತ್ತು ಎರಡು ತಿಂಗಳೂ ತುಂಬಿಲ್ಲ, ಅಷ್ಟರೊಳಗೆ ಅವ್ವ ಅಪ್ಪನ ತಮ್ಮನ್ನೇ ಮದ್ವೆ ಆದ್ಲಲ್ಲ ಅಂತ. ತಿಥಿಗೆ ಮಾಡಿದ್ದ ಅಡುಗೆ ಆರಿದ್ದನ್ನೇ ಮದ್ವೆ ಊಟಕ್ಕೆ ಬಡಿಸಿದ್ರು ಅಂತ ಗೆಳೆಯ ಹೊರೇಷಿಯೋ ಹತ್ರ ಕುಹಕ ಆಡ್ತಾನಲ್ಲ, ಆ ಮಾತು ಮೊದಲ ಸಲ ಕ್ಲಾಸಲ್ಲಿ ಕೇಳಿದಾಗ ನಮ್ಮೂರಿನ ಯಾವುದೋ ಹಜಾರದಲ್ಲಿ ಕೂತು ಯಾರೋ ಆಡಿದ ಮಾತು ಅನ್ನಿಸಿತ್ತು. ಅಂದ್ರೆ ಇವನು ಮೊದ್ಲೇ ಒಳಗೆ ಮುರಿದಿರೋ ಮನುಷ್ಯ, ಅವನ ಕೈಗೆ ಸೇಡಿನ ಕತ್ತಿ ಕೊಡ್ತದೆ ದೆವ್ವ.

ಆಮೇಲೆ ನೋಡಿ ಮಜಾ. ದೆವ್ವ ಕೊಲೆ ಅಂದ ಕೂಡ್ಲೇ ಹೇಳು ಹೇಳು ಬೇಗ ಹೇಳು, ಪ್ರೀತಿ ಮಾಡೋನ ಯೋಚನೆ ಹಾರೋಷ್ಟು ಸ್ಪೀಡಲ್ಲಿ ಹೋಗಿ ಸೇಡು ತೀರಿಸ್ತೀನಿ ಅಂತಾನೆ. ದೆವ್ವ ಎಲ್ಲಾ ಹೇಳಿ ಅತ್ಲಾಗೆ ಹೋದ್ಮೇಲೆ ಏನು ಮಾಡ್ತಾನೆ ಗೊತ್ತಾ, ಜೇಬಿಂದ ನೋಟ್‌ಬುಕ್ ತೆಗೆದು ಬರ್ಕೊಳ್ತಾನೆ! ಮನುಷ್ಯ ನಗ್ತಾ ನಗ್ತಾನೇ ನೀಚ ಆಗಿರ್ಬೋದು ಅಂತ ಬರ್ಕೊಳ್ತಾನೆ. ಆ ದೃಶ್ಯ ಮುಗಿಯೋ ಹೊತ್ತಿಗೆ ಕಾಲಾನೇ ಕೀಲು ತಪ್ಪಿದೆ, ಇದನ್ನ ಸರಿ ಮಾಡೋಕೆ ನಾನೇ ಹುಟ್ಟಬೇಕಿತ್ತಾ ಥೂ ಅಂತ ಗೊಣಗ್ತಾನೆ. ಒಂದೇ ದೃಶ್ಯದಲ್ಲಿ ಇಷ್ಟೂ. ಮೈಸೂರಲ್ಲಿ ಆ ಪಾತ್ರ ಮಾಡಿದ ಹುಡುಗ, ಒಳ್ಳೆ ದನಿ ಇದೆ ಪಾಪ, ಇದೆಲ್ಲವನ್ನೂ ಒಂದೇ ಶ್ರುತಿಯಲ್ಲಿ ಕಿರುಚಿದ. ಮೊದಲ ದೃಶ್ಯದಿಂದ ಕೊನೆ ತನಕ ಕಿರುಚಿದ. ನಮ್ಮ ಹಾರ್ಮೋನಿಯಂ ಮೇಷ್ಟ್ರು ಇದ್ದಿದ್ರೆ ಪೆಟ್ಟಿಗೆ ಮುಚ್ಚಿ ಎದ್ದು ಹೋಗಿರೋರು. ಅವರು ನನಗೆ ದುರ್ಯೋಧನ ಕಲಿಸುವಾಗ ದಿನಾ ಒಂದೇ ಬೈಗುಳ, ಲೋ, ಒಡ್ಡೋಲಗದಲ್ಲೇ ಗಂಟ್ಲು ಖರ್ಚು ಮಾಡ್ಬುಟ್ರೆ ಸರೋವರದ ದಡದಲ್ಲಿ ಏನ್ಲಾ ಮಾಡೀಯೆ?

ಇನ್ನು ತಡ ಮಾಡಿದ ಅನ್ನೋ ಆರೋಪ. ತಡ ಮಾಡಿದ್ದು ನಿಜ, ಅವನೇ ಒಪ್ಕೋತಾನೆ, ನಮ್ಮ ಪತ್ರ ಬರೆದವರಿಗಿಂತ ಕೆಟ್ಟದಾಗಿ ಅವನನ್ನ ಅವನೇ ಬೈಕೋತಾನೆ. ಊರಿಗೆ ನಾಟಕದೋರು ಬಂದಿರ್ತಾರೆ, ಅವರಲ್ಲೊಬ್ಬ ಟ್ರಾಯ್ ಊರಿನ ರಾಣಿ ಹೆಕ್ಯೂಬಾ ಗೋಳು ಹೇಳ್ತಾ ನಿಜವಾಗ್ಲೂ ಕಣ್ಣೀರು ಹಾಕ್ತಾನೆ, ಬಣ್ಣ ಏರಿದ ಮುಖ ಬಿಳಿಚ್ಕೊಳ್ತದೆ. ಅದನ್ನ ನೋಡಿ ಇವನು, ಅವಳು ಇವನಿಗೆ ಏನಾಗ್ಬೇಕು, ಇವನು ಅವಳಿಗೆ ಏನಾಗ್ಬೇಕು, ಆದ್ರೂ ಅಳ್ತಾನೆ, ನಾನು ನನ್ನ ಅಪ್ಪನಿಗೆ ಅಳ್ತಿಲ್ವಲ್ಲ ಅಂತ ಹೊಟ್ಟೆ ಉರ್ಕೊಳ್ತಾನೆ. ಪಾತ್ರ ಮಾಡೋರಿಗೆ ಈ ಜಾಗ ಚೆನ್ನಾಗಿ ಗೊತ್ತಿರ್ತದೆ. ನಾನು ನನ್ನ ಅಪ್ಪ ಸತ್ತಾಗ ಒಂದು ಹನಿ ಅಳ್ಲಿಲ್ಲ, ಅದಾಗಿ ಎರಡು ತಿಂಗಳಿಗೆ ಕರ್ಣ ಸತ್ತ ಸೀನಲ್ಲಿ ಪಕ್ಕದೂರಿನ ಕಿರಾಣಿ ಅಂಗಡಿಯೋನು ಕರ್ಣ ಆಗಿ ಮಲಗಿದ್ದಾಗ ಅವನ ಎದೆ ಮೇಲೆ ಬಿದ್ದು ಅತ್ತಿದ್ದು ನೋಡಿ ಜನ ಒನ್ಸ್ ಮೋರ್ ಅಂದ್ರು. ಒನ್ಸ್ ಮೋರ್! ಎದ್ದು ಇನ್ನೊಂದ್ಸಲ ಅಳಕ್ಕೆ ಹೋದ್ರೆ ಆಗ ಬರ್ಲಿಲ್ಲ.

ಆ ನಂತರ ಬರೋದೇ ಇರ್ಬೇಕೋ ಇಲ್ದೇ ಹೋಗ್ಬೇಕೋ ಅನ್ನೋ ಫೇಮಸ್ ಮಾತು. ಇದನ್ನ ಪ್ರತಿಯೊಬ್ರೂ ಸೇಡಿನ ಬಗ್ಗೆ ಯೋಚನೆ ಅಂದ್ಕೊಂಡವ್ರೆ. ನೀವೇ ಓದಿ ನೋಡಿ, ಆ ಮಾತಲ್ಲಿ ಅಪ್ಪ ಇಲ್ಲ, ಚಿಕ್ಕಪ್ಪ ಇಲ್ಲ, ಸೇಡು ಇಲ್ಲ. ನಾನು ಅನ್ನೋ ಪದಾನೇ ಇಲ್ಲ, ನಾವು, ನಮಗೆ ಅಂತ ಇದೆ. ಬದುಕಿನ ಹೊರೆ, ಅಧಿಕಾರಿಗಳ ದರ್ಪ, ಕೋರ್ಟಿನ ವಿಳಂಬ, ಇಷ್ಟೆಲ್ಲಾ ಇದ್ರೂ ಜನ ಯಾಕೆ ಬದುಕ್ತಾರೆ ಅಂದ್ರೆ ಸತ್ತ ಮೇಲೆ ಏನು ಅಂತ ಗೊತ್ತಿಲ್ವಲ್ಲ ಅಂತ. ಕೋರ್ಟಿನ ವಿಳಂಬ ಅಂತ ನಾನು ಸೇರಿಸಿದ್ದಲ್ಲ, ಅದ್ರಲ್ಲೇ ಇದೆ. ಅಂದ್ರೆ ಇಷ್ಟೊತ್ತಿಗೆ ಅವನ ಮನಸ್ಸು ತನ್ನ ಮನೆ ಜಗಳ ಬಿಟ್ಟು ಎಲ್ಲೋ ದೂರ ಹೋಗಿರ್ತದೆ. ಸೇಡಿನ ನಾಟಕದ ಮಧ್ಯ ಅಂಕದಲ್ಲಿ ನಾಯಕನಿಗೆ ಸೇಡೇ ಮರ್ತುಹೋಗಿದೆ ಅಂದ್ರೆ ಬರೆದೋನ ಗುಂಡಿಗೆ ನೋಡಿ.

ಅದೇ ದಿನ ರಾತ್ರಿಗೆ ಪೂರ್ತಿ ಉಲ್ಟಾ. ಚಿಕ್ಕಪ್ಪನ ಎದುರು ಅವನ ಕೊಲೆಯಂಥದೇ ಕೊಲೆ ನಾಟಕ ಆಡಿಸಿ, ಅವನು ಬೆದರಿ ಎದ್ದು ಹೋದ್ಮೇಲೆ, ಈಗ ಬಿಸಿ ರಕ್ತ ಕುಡೀಬಲ್ಲೆ ಅಂತಾನೆ ಹ್ಯಾಮ್ಲೆಟ್. ನಮ್ಮ ಭೀಮ ಆಡೋ ಮಾತು ಇದು. ಹಿಂದೇನೇ ಚಿಕ್ಕಪ್ಪ ಒಬ್ಬನೇ ಮಂಡಿ ಊರಿ ಪ್ರಾರ್ಥನೆಗೆ ಕೂತಿರೋದು ಕಾಣ್ತದೆ, ಬೆನ್ನು ಇತ್ಲಾಗಿದೆ, ಕತ್ತಿ ಕೈಲಿದೆ. ಕೊಲ್ಲಲ್ಲ. ಯಾಕೆ? ಪ್ರಾರ್ಥನೆ ಮಾಡ್ತಾ ಸತ್ರೆ ಸ್ವರ್ಗಕ್ಕೆ ಹೋಗ್ಬಿಡ್ತಾನೆ, ಕುಡಿದು ಬಿದ್ದಾಗಲೋ ಜೂಜಾಡುವಾಗಲೋ ಕೊಂದ್ರೆ ನೇರ ನರಕ, ಅದಕ್ಕೆ ಕಾಯ್ತೀನಿ ಅಂತಾನೆ. ಅವನು ಅತ್ಲಾಗೆ ಹೋದ ತಕ್ಷಣ ಚಿಕ್ಕಪ್ಪ ಎದ್ದು, ಮಾತು ಮೇಲಕ್ಕೆ ಹೋಯ್ತು ಮನಸ್ಸು ಕೆಳಗೇ ಉಳೀತು ಅಂತಾನೆ, ಅಂದ್ರೆ ಪ್ರಾರ್ಥನೆ ಆಗೇ ಇಲ್ಲ! ಪತ್ರ ಬರೆದವರು ಇಲ್ಲೇ ಪುಕ್ಕಲ ಅಂದಿರೋದು. ಇನ್ನು ಕೆಲವರು ಇದು ಪುಕ್ಕಲತನ ಅಲ್ಲ, ಕೊಲೆಗಿಂತ ಕ್ರೂರ, ಜೀವ ತೆಗೆದ್ರೆ ಸಾಲ್ದು ಆತ್ಮಾನೂ ಸುಡ್ಬೇಕು ಅಂತ ಹೊರಟವ್ನೆ ಅಂತಾರೆ.

ನನಗೆ ಎರಡೂ ಪೂರ್ತಿ ಒಪ್ಪಿಗೆ ಆಗಲ್ಲ, ಯಾಕೆ ಅಂತ ಹೇಳ್ತೀನಿ, ಇದು ಪೇಪರ್‌ಗೆ ಬರೆಯೋ ವಿಷಯ ಅಲ್ಲ ಆದ್ರೂ. ನಾಲೆ ನೀರಿನ ವರಸೆ ವಿಷ್ಯದಲ್ಲಿ ನನಗೂ ನಮ್ಮ ದಾಯಾದಿಗೂ ಮಾತು ಬಿಟ್ಟು ಹತ್ತು ವರ್ಷ ಆಗಿತ್ತು. ಒಂದು ಬೇಸಿಗೆ ನನ್ನ ವರಸೆ ರಾತ್ರಿ ಅವನು ನೀರು ತಿರುಗಿಸ್ಕೊಂಡ, ನನ್ನ ಅರ್ಧ ಎಕರೆ ಕಬ್ಬು ಒಣಗ್ತು. ನಾನು ಗುದ್ದಲಿ ತಗೊಂಡು ಮಧ್ಯರಾತ್ರಿ ಹೋದೆ, ಬದು ಒಡೆಯೋಕೆ ಅಂತ ಹೋದೆ ಅಂತ ಎಲ್ಲರಿಗೂ ಹೇಳೀನಿ, ಬರೀ ಬದು ಒಡೆಯೋಕೆ ಅಲ್ಲ ಅಂತ ನನಗೆ ಗೊತ್ತು. ಅವನು ಪಂಪ್‌ಸೆಟ್ ಮನೆ ಮುಂದೆ ಗೋಣಿಚೀಲ ಹಾಸ್ಕೊಂಡು ಬಾಯಿ ತೆರ್ಕೊಂಡು ಮಲಗಿದ್ದ. ನಿಂತೆ. ವಾಪಸ್ ಬಂದೆ. ದಾರೀಲಿ ನನಗೆ ನಾನೇ ಹೇಳ್ಕೊಂಡಿದ್ದು, ಮಲಗಿರೋನ್ನ ಏನು, ಬೆಳಗ್ಗೆ ನಾಲ್ಕು ಜನರ ಎದುರು ನೋಡ್ಕೊತೀನಿ ಅಂತ. ಬೆಳಗ್ಗೆ ಏನೂ ನೋಡ್ಕೊಳ್ಲಿಲ್ಲ. ಕೈ ಯಾಕೆ ಏಳ್ಲಿಲ್ಲ ಅಂತ ಇವತ್ತಿಗೂ ಗೊತ್ತಿಲ್ಲ, ಆದ್ರೆ ನಾನು ಹೇಳ್ಕೊಂಡ ಕಾರಣ ಕೈ ಏಳದೇ ಹೋದ್ಮೇಲೆ ಹುಟ್ಟಿದ್ದು. ಹ್ಯಾಮ್ಲೆಟ್ ಸ್ವರ್ಗ ನರಕದ ಮಾತು ಆಡುವಾಗೆಲ್ಲ ನನಗೆ ಆ ದಾರಿ ನೆನಪಾಗ್ತದೆ. ಅವನ ಮಾತನ್ನ ಅವನೇ ನಂಬಿದ್ನೋ ಇಲ್ವೋ.

ಆದ್ರೆ ಅದಾಗಿ ಹತ್ತು ನಿಮಿಷಕ್ಕೆ ಅವ್ವನ ಕೋಣೇಲಿ ಪರದೆ ಹಿಂದೆ ಸದ್ದಾಯ್ತು ಅಂತ ನೋಡದೇನೇ ಕತ್ತಿ ತೂರಿಸ್ತಾನೆ, ಸಾಯೋನು ಮಂತ್ರಿ ಪೊಲೋನಿಯಸ್. ಯೋಚನೆ ಮಾಡೀ ಮಾಡೀ ಬಿಟ್ಟೋನ್ನ ಬಿಟ್ಟ, ಯೋಚನೆ ಮಾಡದೇ ಬೇರೆಯೋನ್ನ ಕೊಂದ. ಪುಕ್ಕಲ ಹಿಂಗೆ ಮಾಡ್ತಾನಾ? ಅಲ್ಲಿಂದ ಸೇಡು ಅವನ ಕೈ ಬಿಟ್ಟು ಹೋಯ್ತದೆ, ಯಾಕಂದ್ರೆ ಈಗ ಅವನೂ ಒಬ್ಬನ ಅಪ್ಪನ್ನ ಕೊಂದ ಕೊಲೆಗಾರ. ಪೊಲೋನಿಯಸ್ ಮಗ ಲಾರ್ಟಿಸ್ ಫ್ರಾನ್ಸಿಂದ ಓಡಿ ಬಂದು, ಹ್ಯಾಮ್ಲೆಟ್ ಚರ್ಚ್ ಒಳಗಿದ್ರೂ ಕತ್ತು ಕೊಯ್ತೀನಿ ಅಂತಾನೆ. ಹೌದಪ್ಪ ಸೇಡಿಗೆ ಗಡಿ ಅಂತ ಇರ್ಬಾರ್ದು ಅಂತ ಅವನಿಗೆ ಕೀ ಕೊಡೋನು ಯಾರು, ಆ ಪ್ರಾರ್ಥನೆಗೆ ಕೂತಿದ್ದನಲ್ಲ ಅದೇ ಚಿಕ್ಕಪ್ಪ! ನಮ್ಮ ಅಶ್ವತ್ಥಾಮ ಲಾರ್ಟಿಸ್‌ನ ಅಣ್ಣ ಅನ್ಬೋದು. ಅಪ್ಪ ದ್ರೋಣನ್ನ ಮೋಸದಲ್ಲಿ ಕೊಂದ್ರು ಅಂತ, ಗೂಬೆಯೊಂದು ರಾತ್ರಿಯಲ್ಲಿ ಮಲಗಿರೋ ಕಾಗೆಗಳನ್ನ ಕೊಲ್ಲೋದು ನೋಡಿ ಐಡಿಯಾ ಮಾಡ್ಕೊಂಡು, ಕೃಪ ಬೆಳಗಾಗ್ಲಿ ತಡ್ಕೊಳಪ್ಪ ಅಂದ್ರೂ ಕೇಳದೇ ಶಿಬಿರಕ್ಕೆ ನುಗ್ಗಿ, ಧೃಷ್ಟದ್ಯುಮ್ನ ಆಯುಧದಲ್ಲಾದ್ರೂ ಕೊಲ್ಲು ಅಂದ್ರೂ ಬಿಡದೇ ತುಳಿದು ಸಾಯಿಸ್ತಾನೆ. ಅವನು ತಡ ಮಾಡ್ಲಿಲ್ಲ ಸ್ವಾಮಿ. ಪತ್ರ ಬರೆದವರಿಗೆ ಅವನು ಇಷ್ಟ ಆಗ್ಬೋದು. ಆ ಪಾತ್ರ ಮಾಡಿದ ರಾತ್ರಿ ನಮ್ಮವ್ವ ನನ್ನ ಕೈಯಿಂದ ಕಾಫಿ ಲೋಟ ಇಸ್ಕೊಳ್ಲಿಲ್ಲ, ಹೋಗಿ ಮುಖ ತೊಳ್ಕೊಂಡು ಬಾ ಅಂದಿದ್ಲು.

ಈಗ ಕತ್ತರಿಸಿದ ಭಾಗಕ್ಕೆ ಬರ್ತೀನಿ. ನಾಲ್ಕನೇ ಅಂಕದಲ್ಲಿ ಹ್ಯಾಮ್ಲೆಟ್‌ನ ಇಂಗ್ಲೆಂಡಿಗೆ ಸಾಗಹಾಕ್ತಾರೆ, ಅಲ್ಲಿ ತಲೆ ಕಡೀರಿ ಅಂತ ಗುಟ್ಟಾಗಿ ಓಲೆ ಕೊಟ್ಟು. ಹೋಗೋ ದಾರೀಲಿ ಒಂದು ಸೈನ್ಯ ನೋಡಿ, ಗುತ್ತಿಗೆಗೂ ಬೇಡದ ಒಂದು ತುಂಡು ನೆಲಕ್ಕೆ ಇಪ್ಪತ್ತು ಸಾವಿರ ಜನ ಸಾಯಕ್ಕೆ ಹೊರಟವ್ರೆ, ನಾನು ಮಾತ್ರ ಸುಮ್ನಿದೀನಿ, ಇನ್ಮೇಲೆ ನನ್ನ ಯೋಚನೆ ರಕ್ತದ್ದೇ ಆಗ್ಲಿ ಅಂತ ಆಣೆ ಇಡ್ತಾನೆ. ಇದು ಅವನ ಕೊನೇ ಸ್ವಗತ. ಇದನ್ನ ದಯವಿಟ್ಟು ಗಮನಿಸಿ, ಆಮೇಲೆ ಅವನು ಒಬ್ಬನೇ ನಿಂತು ನಮ್ಮ ಹತ್ರ ಮಾತಾಡೋದೇ ಇಲ್ಲ. ಅಲ್ಲಿ ತನಕ ಹೆಜ್ಜೆ ಹೆಜ್ಜೆಗೂ ಒಳಗಿನದನ್ನ ತೋಡ್ಕೊಂಡೋನು, ಹಡಗು ಹತ್ತಿ ಹೋಗಿ ವಾಪಸ್ ಬಂದ್ಮೇಲೆ ಬಾಗಿಲು ಹಾಕ್ಕೊಳ್ತಾನೆ. 1604ರ ಹೊತ್ತಿಗೆ ಅಚ್ಚಾದ ಪ್ರತೀಲಿ ಈ ಸ್ವಗತ ಇದೆ, ಶೇಕ್ಸ್‌ಪಿಯರ್ ನಾಟಕಗಳನ್ನ ಒಟ್ಟುಗೂಡಿಸಿದ 1623ರ ದೊಡ್ಡ ಸಂಪುಟದಲ್ಲಿ ಇದು ಇಲ್ಲ. ಯಾರು ತೆಗೆದ್ರೋ ಯಾಕೆ ತೆಗೆದ್ರೋ, ಅದರ ಮೇಲೆ ಪಂಡಿತರು ಇನ್ನೂ ಕಿತ್ತಾಡ್ತವ್ರೆ, ಕಿತ್ತಾಡ್ಲಿ.

ಸಮುದ್ರದ ಮೇಲೆ ಏನಾಯ್ತು ಅಂತ ಸ್ಟೇಜ್ ಮೇಲೆ ತೋರ್ಸಲ್ಲ, ಆಮೇಲೆ ಹೊರೇಷಿಯೋಗೆ ಹೇಳ್ತಾನೆ. ರಾತ್ರಿ ಎದೆಯೊಳಗೆ ಒಂಥರಾ ಜಗಳ, ನಿದ್ದೆ ಬರ್ಲಿಲ್ಲ, ಕತ್ತಲಲ್ಲೇ ತಡವರಿಸ್ಕೊಂಡು ಹೋಗಿ ಓಲೆ ಒಡೆದು ಓದ್ದೆ, ನನ್ನ ಸಾವಿನ ಓಲೆ, ಬೇರೆ ಬರೆದು ಅಪ್ಪನ ಮುದ್ರೆ ಉಂಗುರ ಒತ್ತಿದೆ ಅಂತ. ಆ ಬೇರೆ ಓಲೇಲಿ ಜೊತೆಗೆ ಬಂದಿದ್ದ ಇಬ್ಬರು ಹಳೇ ಗೆಳೆಯರ ತಲೆ ಹೋಯ್ತದೆ, ಇವನಿಗೆ ಅದ್ರ ಬಗ್ಗೆ ಚೂರೂ ಬೇಜಾರಿಲ್ಲ. ಹಂಗಾಗಿ ಸಮುದ್ರದಿಂದ ಸಂತ ಆಗಿ ಬಂದ ಅಂತ ನಾನು ಹೇಳ್ತಿಲ್ಲ. ಬೇರೆ ಮನುಷ್ಯ ಆಗಿ ಬಂದ. ನಾವು ಒರಟಾಗಿ ಕೆತ್ಕೊಂಡು ಹೋಗ್ತೀವಿ, ರೂಪ ಕೊಡೋದು ಮೇಲಿನೋನು ಅಂತಾನೆ ಈಗ.

ಬಂದ ಮೇಲೆ ಮೊದ್ಲು ಕಾಣೋದು ಸ್ಮಶಾನ. ಗುಂಡಿ ತೋಡೋನು ಹಾಡ್ಕೊಂಡು ತಲೆಬುರುಡೆ ಮೇಲಕ್ಕೆಸೀತಾವ್ನೆ. ಅದ್ರಲ್ಲೊಂದು ಯೋರಿಕ್‌ದು, ಅರಮನೆ ವಿದೂಷಕ, ಸತ್ತು ಇಪ್ಪತ್ಮೂರು ವರ್ಷ, ಚಿಕ್ಕಂದಿನಲ್ಲಿ ಸಾವಿರ ಸಲ ಇವನನ್ನ ಬೆನ್ನ ಮೇಲೆ ಕೂರಿಸ್ಕೊಂಡು ಆಡಿಸಿದ್ದೋನು. ಬುರುಡೆ ಕೈಲಿ ಹಿಡ್ಕೊಂಡು ಹ್ಯಾಮ್ಲೆಟ್ ಆಡೋ ಮಾತಲ್ಲಿ ಅಳು ಇಲ್ಲ, ಕೂಗಾಟ ಇಲ್ಲ, ಸ್ವಲ್ಪ ವಾಕರಿಕೆ, ಸ್ವಲ್ಪ ತಮಾಷೆ. ಅಲೆಕ್ಸಾಂಡರ್ ಮಣ್ಣಾದ, ಆ ಮಣ್ಣಲ್ಲಿ ಬೀರ್ ಪೀಪಾಯಿ ತೂತು ಮುಚ್ಚಿರ್ಬೋದು ಅಂತಾನೆ. ಮೊದಲ ಅಂಕದಲ್ಲಿ ಸಾಯ್ಬೇಕು ಅಂತಿದ್ದ ಹುಡುಗನಿಗೆ ಸಾವು ಒಂದು ದೊಡ್ಡ ಐಡಿಯಾ ಆಗಿತ್ತು, ಇಲ್ಲಿ ಅದು ಕೈಲಿ ಹಿಡಿಯೋ ವಸ್ತು, ವಾಸನೆ ಬೇರೆ. ಆಮೇಲೆ ಅದೇ ಗುಂಡಿ ಒಫೀಲಿಯಾಗೆ, ಲಾರ್ಟಿಸ್‌ನ ತಂಗಿ, ಇವನು ಪ್ರೀತಿಸಿದ್ದೋಳು, ನೀರಲ್ಲಿ ಮುಳುಗಿ ಸತ್ತೋಳು, ಅವಳಿಗೇ ಅಂತ ಗೊತ್ತಾಗಿ ಗುಂಡಿಗೆ ಹಾರಿ ಲಾರ್ಟಿಸ್ ಜೊತೆ ಹೊಯ್ಕೈ ಆಯ್ತಾನೆ, ನಲವತ್ತು ಸಾವಿರ ಅಣ್ಣಂದಿರ ಪ್ರೀತಿ ಸೇರಿದ್ರೂ ನನ್ನಷ್ಟಾಗಲ್ಲ ಅಂತ ಕೂಗ್ತಾನೆ. ಹಳೇದು ಒಂದೇ ಏಟಿಗೆ ಹೋಗಲ್ಲ ನೋಡಿ. ಜ್ವರ ಬಿಟ್ಟ ಮೇಲೂ ಸಂಜೆ ಹೊತ್ತಿಗೆ ಮೈ ಬಿಸಿ ಆಗಲ್ವಾ ಹಂಗೆ.

ಈ ಸ್ಮಶಾನದ ಸೀನನ್ನ ಮೈಸೂರಿನ ತಂಡ ಎರಡು ನಿಮಿಷಕ್ಕೆ ಇಳಿಸಿತ್ತು, ಬುರುಡೆ ಎತ್ತಿ ಫೋಟೋಗೆ ನಿಂತಂಗೆ ನಿಂತ, ಇಳಿಸ್ದ. ಅದ್ರ ಮುಂದಿನದು, ಹೊರೇಷಿಯೋ ಜೊತೆಗಿನ ಮಾತುಕತೆ, ಪೂರಾ ಇಲ್ಲ. ನೇರ ಕತ್ತಿ ವರಸೆ, ಡಂ ಡಂ ಮ್ಯೂಸಿಕ್, ಕೆಂಪು ಲೈಟು.

ಇದೇ ನನಗೆ ಹೊಟ್ಟೆ ಉರಿ. ಯಾಕಂದ್ರೆ ಇದೇ ಜಾಗ ನಮ್ಮ ರನ್ನನಲ್ಲಿದೆ. ಸಾವಿರ ವರ್ಷದ ಹಿಂದೆ ಗದಾಯುದ್ಧ ಬರೆಯುವಾಗ ರನ್ನ, ಕೊನೇ ಕಾಳಗಕ್ಕೆ ಮುಂಚೆ ದುರ್ಯೋಧನನ್ನ ಎಲ್ಲಿ ನಡೆಸ್ತಾನೆ? ಹೆಣ ಬಿದ್ದಿರೋ ರಣರಂಗದಲ್ಲಿ, ಸಂಜಯನ ಜೊತೆ. ಹ್ಯಾಮ್ಲೆಟ್‌ಗೆ ಹೊರೇಷಿಯೋ ಹೆಂಗೋ ಇಲ್ಲಿ ಸಂಜಯ ಹಂಗೆ. ದ್ರೋಣನ ಹೆಣ, ದುಶ್ಶಾಸನನ ಹೆಣ, ಕರ್ಣನ ಹೆಣ, ಮಗ ಲಕ್ಷಣನ ಹೆಣ. ದುಶ್ಶಾಸನನ ಮುಂದೆ ನಿಂತು, ತಾಯಿ ಹಾಲಿಂದ ಹಿಡಿದು ಎಲ್ಲಾದ್ರಲ್ಲೂ ಮೊದ್ಲು ನಾನು ಆಮೇಲೆ ನೀನು, ಸಾವಲ್ಲಿ ಮಾತ್ರ ಮುಂದೆ ಹೋಗ್ಬಿಟ್ಯಲ್ಲ ಅಂತಾನೆ. ಮಗನ ಮುಂದೆ, ನೀನು ನನಗೆ ನೀರು ಬಿಡಬೇಕಾದೋನು, ಕ್ರಮ ತಪ್ಪಿಸಿದೆ ಅಂತಾನೆ. ಕಾವ್ಯದ ಹೆಸರಿಗೆ ಹೀರೋ ಭೀಮ, ಸೇಡು ಭೀಮಂದು. ಆದ್ರೆ ಭೀಮ ಶುರುವಲ್ಲಿ ಹೆಂಗಿದ್ನೋ ಕೊನೇಲೂ ಹಂಗೇ, ಸಿಟ್ಟು ಹಾಕ್ಕೊಂಡು ಬಂದ ಸಿಟ್ಟಲ್ಲೇ ತೊಡೆ ಮುರಿದು ಹೋದ. ಬದಲಾಗೋನು ಸೋಲೋ ದುರ್ಯೋಧನ, ಅದಕ್ಕೆ ಕಣ್ಣೀರೆಲ್ಲಾ ಅವನ ಪಾಲಿಗೆ. ವೈಶಂಪಾಯನ ಸರೋವರದಲ್ಲಿ ಅಡಗಿದ್ದಾಗ ಭೀಮನ ಬೈಗುಳ ಕೇಳಿ ನೀರೊಳಗಿದ್ರೂ ಬೆವತ ಅಂತ ರನ್ನ ಹೇಳಿದ್ದು ಸ್ಕೂಲಿಗೆ ಹೋದ ಮಕ್ಕಳಿಗೆಲ್ಲಾ ಗೊತ್ತು. ಅಲ್ಲಿ ದುಃಖ ತಿರುಗಿ ಸಿಟ್ಟಾಯ್ತದೆ, ಹ್ಯಾಮ್ಲೆಟ್‌ನಲ್ಲಿ ಸಿಟ್ಟು ತಿರುಗಿ ಬೇರೇನೋ ಆಯ್ತದೆ. ಅದಕ್ಕೆ ಸಮಾಧಾನ ಅನ್ನಕ್ಕೂ ಬಾಯಿ ಬರಲ್ಲ.

ಅದೇನು ಅಂತ ತಿಳಿಯೋಕೆ ಆ ಹೊರೇಷಿಯೋ ಜೊತೆಗಿನ ಮಾತು ಬೇಕಿತ್ತು. ಲಾರ್ಟಿಸ್ ಜೊತೆ ಕತ್ತಿ ವರಸೆಗೆ ಕರೆ ಬಂದಿದೆ, ಮೋಸ ಇದೆ ಅಂತ ಒಳಗೆಲ್ಲೋ ಅನ್ನಿಸ್ತಿದೆ, ಎದೆ ಇಲ್ಲೆಲ್ಲಾ ಸರಿ ಇಲ್ಲ ಕಣಯ್ಯ ಅಂತಾನೆ. ಹೊರೇಷಿಯೋ, ಮನಸ್ಸು ಒಪ್ಪದಿದ್ರೆ ಬೇಡ, ಮೈ ಹುಷಾರಿಲ್ಲ ಅಂತ ಹೇಳಿ ಬರ್ತೀನಿ ಅಂತಾನೆ. ಮೊದಲ ಅಂಕದ ಹ್ಯಾಮ್ಲೆಟ್ ಆಗಿದ್ರೆ ಇದರ ಮೇಲೆ ನಲವತ್ತು ಸಾಲು ಭಾಷಣ. ಈಗ ಬೇಡ ಅಂತಾನೆ, ಶಕುನ ನೋಡಲ್ಲ, ಗುಬ್ಬಚ್ಚಿ ಕೆಳಗೆ ಬೀಳೋದಕ್ಕೂ ದೈವದ ಲೆಕ್ಕ ಇರ್ತದೆ, ಈಗ್ಲೇ ಬರೋದಾದ್ರೆ ಮುಂದೆ ಬರಲ್ಲ, ಮುಂದೆ ಬರಲ್ಲ ಅಂದ್ರೆ ಈಗ್ಲೇ ಬರ್ತದೆ, ಈಗ ಬರದಿದ್ರೂ ಬಂದೇ ಬರ್ತದೆ, ತಯಾರಾಗಿರೋದೊಂದೇ. ಆಗ್ಲಿ ಬಿಡು. ಇಷ್ಟೇ. ಇರ್ಬೇಕೋ ಬೇಡ್ವೋ ಅಂತ ತಲೆ ಕೆಡಿಸ್ಕೊಂಡಿದ್ದೋನು ಆಗ್ಲಿ ಬಿಡು ಅನ್ನೋ ಜಾಗಕ್ಕೆ ಬಂದು ನಿಂತಿದಾನೆ, ಆ ಪ್ರಶ್ನೆಗೆ ಉತ್ತರ ಸಿಕ್ಕಿ ಅಲ್ಲ, ಆ ಪ್ರಶ್ನೇನೇ ಹಿಂದೆ ಬಿದ್ದುಹೋಗಿ. ಮೆಲ್ಲಗೆ ಪಕ್ಕದಲ್ಲಿರೋನಿಗೆ ಹೇಳೋ ಮಾತು ಇದು, ಜನಕ್ಕಲ್ಲ. ಈ ನಾಲ್ಕು ಸಾಲು ಇಲ್ದೇ ಹೋದ್ರೆ ಪತ್ರ ಬರೆದವರ ಹ್ಯಾಮ್ಲೆಟ್ಟೇ ಉಳಿಯೋದು.

ಇನ್ನೊಂದು ಮಾತು ನನ್ನ ಮಗಳು ತೋರಿಸಿಕೊಟ್ಟಿದ್ದು, ಕ್ರೆಡಿಟ್ ಅವಳಿಗೆ. ಕೊನೆಗೆ ವಿಷದ ಕತ್ತಿ ತಾಗಿ, ಅವ್ವ ವಿಷ ಕುಡಿದು ಬಿದ್ದು, ಲಾರ್ಟಿಸ್ ಎಲ್ಲಾ ರಾಜಂದೇ ಕೆಲಸ ಅಂದ್ಮೇಲೆ, ಹ್ಯಾಮ್ಲೆಟ್ ಚಿಕ್ಕಪ್ಪನ್ನ ಚುಚ್ಚಿ ಉಳಿದ ವಿಷಾನೂ ಕುಡಿಸ್ತಾನಲ್ಲ, ಆಗ ಅವನು ಅಪ್ಪನ ಹೆಸರು ಎತ್ತಲ್ಲ. ನನ್ನ ಅವ್ವನ ಹಿಂದೆ ಹೋಗು ಅಂತಾನೆ. ನಾಲ್ಕು ಅಂಕ ಅಪ್ಪ ಅಪ್ಪ ಅಂದು, ಕೊನೇ ಅಂಕದಲ್ಲಿ ದೆವ್ವ ಬರೋದೂ ಇಲ್ಲ, ಕೊಲ್ಲೋ ಗಳಿಗೇಲಿ ಅಪ್ಪನ ನೆನಪೂ ಬಾಯಿಗೆ ಬರಲ್ಲ. ಹಂಗಾದ್ರೆ ಅದು ಸೇಡಾ? ಸೇಡು ತೀರಿಸ್ಬೇಕು ಅಂತ ಹೊರಟೋನ ಕೈಲಿ ಅದು ತೀರ್ಲೇ ಇಲ್ಲ, ಬೇರೆ ಯಾವುದೋ ದಾರೀಲಿ ತಾನೇ ಬಂದು ತೀರ್ತು ಅಂತ ನನಗನ್ಸುತ್ತೆ. ಮಗಳು ಒಪ್ಪಲ್ಲ, ಅವ್ವನೇ ಮೊದಲಿಂದ ಅವನ ಗಾಯ ಅಪ್ಪ, ಮೊದಲ ಸ್ವಗತ ನೋಡು ಅಂತಾಳೆ. ಅದೂ ಹೌದು.

ತಂಡದೋರಿಗೆ ಟೈಮ್ ಪ್ರಾಬ್ಲಂ ಅಂತ ಗೊತ್ತು. ಪೂರಾ ಆಡಿದ್ರೆ ನಾಲ್ಕು ಗಂಟೆ ಆಗೋ ನಾಟಕ, ಸುಮಾರು ನಾಲ್ಕು ಸಾವಿರ ಸಾಲು, ಆ ಪುಣ್ಯಾತ್ಮ ಬರೆದ ನಾಟಕಗಳಲ್ಲೇ ಉದ್ದದ್ದು. ಒಂಬತ್ತೂವರೆಗೆ ಹಾಲ್ ಬಿಟ್ಕೊಡ್ಬೇಕು, ಜನ ಬಸ್ ಹಿಡೀಬೇಕು, ನಾನೂ ಕೊನೇ ಬಸ್ಸಿಗೇ ಓಡಿದ್ದು. ಕತ್ತರಿಸ್ಬೇಡಿ ಅನ್ನಲ್ಲ. ಮೈಸೂರಿನೋರು ಈ ನಾಟಕಗಳನ್ನ ಕತ್ತರಿಸೋದು ಹೊಲಿಯೋದು ನೂರಿಪ್ಪತ್ತು ವರ್ಷಕ್ಕೂ ಹಿಂದಿಂದ ಮಾಡ್ಕೊಂಡು ಬಂದವ್ರೆ. ಬಸಪ್ಪ ಶಾಸ್ತ್ರಿಗಳು ಒಥೆಲೋನ ಶೂರಸೇನ ಚರಿತ್ರೆ ಮಾಡಿದ್ರು, ಮಹಾರಾಜಾ ಕಾಲೇಜಿನ ಬಿಎಂಶ್ರೀ ಗ್ರೀಕರ ಏಜಾಕ್ಸ್ ನಾಟಕ ಇಟ್ಕೊಂಡು ನಮ್ಮ ಅಶ್ವತ್ಥಾಮನ್ನ ದುರಂತ ನಾಯಕ ಮಾಡಿದ್ರು, ಕುವೆಂಪು ಇದೇ ಹ್ಯಾಮ್ಲೆಟ್‌ನ ಬಿದನೂರಿಗೆ ತಂದು ರಕ್ತಾಕ್ಷಿ ಬರೆದ್ರು, ಅದ್ರಲ್ಲಿ ರುದ್ರಾಂಬೆ ಒಫೀಲಿಯಾ ತರ ನೀರಲ್ಲಿ ತೇಲಿ ಹೋಗಲ್ಲ, ಸೇಡಿಗೆ ತಾನೇ ನಿಲ್ತಾಳೆ. ಇವರೆಲ್ಲಾ ಮೂಲಾನ ಮುಟ್ಟಿದ್ರು, ಬದಲಾಯಿಸಿದ್ರು, ಆದ್ರೆ ಏನು ತೆಗೀತಿದೀವಿ ಅಂತ ಗೊತ್ತಿದ್ದು ಮಾಡಿದ್ರು. ಬೇಕಾದ್ರೆ ಪೊಲೋನಿಯಸ್ ಮಗನಿಗೆ ಹೇಳೋ ಬುದ್ಧಿಮಾತು ತೆಗೀರಿ, ನಾರ್ವೆ ರಾಯಭಾರಿಗಳನ್ನ ತೆಗೀರಿ, ಆ ಕೆಂಪು ಲೈಟಿನ ಡ್ಯಾನ್ಸ್ ಒಂದು ಹತ್ತು ನಿಮಿಷ ಇತ್ತಲ್ಲ, ಶೇಕ್ಸ್‌ಪಿಯರ್ ಬರೆದಿಲ್ಲ ಅದನ್ನ, ಅದನ್ನಂತೂ ತೆಗೀರಿ.

ನಮ್ಮ ಕುರುಕ್ಷೇತ್ರದಲ್ಲೂ ಇದೇ ಗೋಳು, ಅದನ್ನೂ ಹೇಳ್ದೇ ಹೋದ್ರೆ ಮೋಸ ಆಯ್ತದೆ. ರಾತ್ರಿ ಹತ್ತಕ್ಕೆ ದುರ್ಯೋಧನ ಕಿರೀಟ ಇಟ್ಕೊಂಡು ಬಂದಾಗ ಶಿಳ್ಳೆ, ನೋಟಿನ ಹಾರ, ಮೊಬೈಲ್ ಲೈಟು. ಸರೋವರದ ದಡಕ್ಕೆ ಬರೋ ಹೊತ್ತಿಗೆ ಬೆಳಗಿನ ಜಾವ ಐದೂವರೆ. ಮುಂದೆ ಚಾಪೆ ಮೇಲೆ ಹತ್ತಿಪ್ಪತ್ತು ಜನ ಕಂಬಳಿ ಹೊದ್ದು ಮಲಗಿರ್ತಾರೆ, ಹಾಲಿನ ಡೈರಿಗೆ ಹೋಗೋರು ಕ್ಯಾನ್ ಹಿಡ್ಕೊಂಡು ನಿಂತು ಒಂದು ನಿಮಿಷ ನೋಡಿ ಹೋಗ್ತಾರೆ. ಮುಖದ ಬಣ್ಣ ಅರ್ಧ ಇಳಿದಿರ್ತದೆ, ಗಂಟ್ಲು ಒಡೆದಿರ್ತದೆ, ಕರ್ಣಾ ಅಂದ್ರೆ ಗಾಳಿ ಮಾತ್ರ ಬರ್ತದೆ. ಮೇಷ್ಟ್ರು ಆ ಹೊತ್ತಿಗೆ ಹಾರ್ಮೋನಿಯಂನ ಬರೀ ಒಂದು ಸ್ವರಕ್ಕೆ ಇಳಿಸಿರೋರು. ಆ ಹೊತ್ತಲ್ಲಿ ಆಡಿದಷ್ಟು ಚೆನ್ನಾಗಿ ನಾನು ಯಾವತ್ತೂ ಆಡಿಲ್ಲ, ನೋಡಿದೋರು ಮಾತ್ರ ಯಾರೂ ಇಲ್ಲ. ಮೂರನೇ ಸಲ ಆಡಿದಾಗ ಎಚ್ಚರವಾಗಿದ್ದ ಒಬ್ಬೇ ಒಬ್ಬ ಯಾರು ಅಂದ್ರೆ ನನ್ನ ದಾಯಾದಿ, ನಾಲೆ ನೀರಿನೋನು, ಹಿಂದುಗಡೆ ಟ್ರ್ಯಾಕ್ಟರ್ ಟ್ರಾಲಿ ಮೇಲೆ ಕೂತಿದ್ದ. ಏನೂ ಮಾತಾಡ್ಲಿಲ್ಲ. ನಾಟಕ ಮುಗಿದ್ಮೇಲೆ ಬೀಡಿ ಹಚ್ಚಿ ಹೊರಟು ಹೋದ.

ಆ ತಂಡದೋರು ಮಂಡ್ಯ ಕಡೆಗೆ ಬರೋದಾದ್ರೆ ಟೈಮಿನ ಚಿಂತೆ ಬೇಡ ಅಂತ ಹೇಳಿ, ಒಂಬತ್ತಕ್ಕೆ ಶುರು ಮಾಡ್ಲಿ, ಬೆಳಗಿನ ತನಕ ಕೂತು ನಮಗೆ ಅಭ್ಯಾಸ ಇದೆ, ಕಾಫಿ ಬೋಂಡ ನಮ್ಮದು. ಆ ಹುಡುಗನಿಗೆ ಗಂಟ್ಲು ಉಳಿಸ್ಕೊಳ್ಳೋಕೆ ಹೇಳಿ. ಗುಬ್ಬಚ್ಚಿ ಮಾತು ಇರ್ಲಿ.

ಪತ್ರ ಉದ್ದ ಆಯ್ತು ಅಂತ ಗೊತ್ತು ಸರ್, ಫೋನಲ್ಲಿ ಒಂದೇ ಬೆರಳಲ್ಲಿ ಮೂರು ರಾತ್ರಿ ಕುಟ್ಟಿದೀನಿ. ಜಾಗ ಸಾಲ್ದೇ ಕತ್ತರಿಸೋದಾದ್ರೆ ಮೇಲಿಂದ ಕತ್ತರಿಸಿ, ಕೆಳಗಿನದನ್ನ ಬಿಡಿ.

ಇಂತಿ,
ನಿಮ್ಮ ಪೇಪರ್‌ನ ಹಳೇ ಓದುಗ,
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ